ಮಲ್ಲಪ್ಪನ ಒತ್ತು ಎಲ್ಲಿ ಹೋಯ್ತು?

ಸ್ಕ್ರೀನ್ ಮೇಲೆ ಕೀಬೋರ್ಡ್ ಮಾಡೋದಂದ್ರೆ ಬಟನ್‌ಗಳನ್ನು ಸಾಲಾಗಿ ಜೋಡಿಸೋದು, ಅಷ್ಟೇ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಜೋಡಿಸುವುದು ಸುಲಭವೇ. ಒಂದು ಸಂಜೆಯ ಕೆಲಸ. ರೈತರು ಬಂದು ಮುಟ್ಟಿದ ಮೇಲೆ ಇದೆ ಮಜಾ.

ವಿಜಯಪುರದ ಹತ್ತಿರದ ಒಂದು ಕೋಲ್ಡ್ ಸ್ಟೋರೇಜ್. ಒಣದ್ರಾಕ್ಷಿ ಇಡಲು ಬಂದವರು ತಮ್ಮ ಹೆಸರು, ಊರು, ಮೊಬೈಲ್ ನಂಬರ್ ತಾವೇ ಟಚ್ ಸ್ಕ್ರೀನಿನಲ್ಲಿ ತುಂಬಬೇಕು ಅಂತ ಮಾಲೀಕರ ಆಸೆ. ವಿಂಡೋಸ್ ಜೊತೆ ಬರುವ ಕೀಬೋರ್ಡ್ ತೆರೆದರೆ ಅರ್ಧ ಫಾರ್ಮ್ ಮುಚ್ಚಿಹೋಗುತ್ತದೆ. ಹಾಗಾಗಿ ಮಾಹಿತಿ ಕೂಡಿಡುವ ಮೈಕ್ರೋಸಾಫ್ಟ್ ಆಕ್ಸೆಸ್ ತಂತ್ರಾಂಶದ ಫಾರ್ಮಿನೊಳಗೇ ಒಂದು ಕನ್ನಡ ಕೀಬೋರ್ಡ್ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ತಕರಾರು ಫೋಕಸ್‌ನದು, ಅಂದರೆ ಟೈಪ್ ಮಾಡಿದ್ದು ಯಾವ ಬಾಕ್ಸಿಗೆ ಬೀಳಬೇಕು ಅನ್ನುವುದು. ಬಟನ್ ಮುಟ್ಟಿದ ಕೂಡಲೇ ಕರ್ಸರ್ ಹೆಸರಿನ ಬಾಕ್ಸ್ ಬಿಟ್ಟು ಎದ್ದುಹೋಗುತ್ತದೆ. ಹಿಂದೆ ಎಲ್ಲಿತ್ತು ಅಂತ ವಿಚಾರಿಸಿ ವಾಪಸ್ ಕಳಿಸಬಹುದು, ಆದರೆ ಅದು ಸುಮ್ನೆ ಬರಲ್ಲ, ಬಾಕ್ಸಿನಲ್ಲಿ ಬರೆದದ್ದನ್ನೆಲ್ಲ ಸೆಲೆಕ್ಟ್ ಮಾಡಿಕೊಂಡು ಕೂರುತ್ತದೆ, ಮುಂದಿನ ಅಕ್ಷರ ಬಿದ್ದ ಕೂಡಲೇ ಹಿಂದಿನದೆಲ್ಲ ಖಲಾಸ್. ಮಲ್ಲಪ್ಪ ಅಂತ ಬರೆದವರಿಗೆ ಕೊನೆಗೆ ಉಳಿದದ್ದು ಒಂದು 'ಪ'. ಬಟನ್ ತೆಗೆದು ಲೇಬಲ್, ಅಂದರೆ ಬರೀ ಅಕ್ಷರ ತೋರಿಸುವ ಚೌಕ, ಹಾಕಿದೆ. ಲೇಬಲ್‌ಗೆ ಫೋಕಸ್ ಹೋಗುವುದೇ ಇಲ್ಲ, ಮುಟ್ಟಿದ್ದು ಮಾತ್ರ ಗೊತ್ತಾಗುತ್ತದೆ.

ಕೋಡ್ ಬರೆಯುವ ಕಿಟಕಿಯಲ್ಲಿ ಕನ್ನಡ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಅಲ್ಲಿ ಪ್ರತಿ ಅಕ್ಷರಕ್ಕೂ ಇರುವ ಯೂನಿಕೋಡ್ ನಂಬರೇ ಕೊಡಬೇಕು. 'ಅ' ಅಂದರೆ 3205, 'ಕ' ಅಂದರೆ 3221, 'ಮ' ಅಂದರೆ 3246. ಊಟಕ್ಕೆ ಕೂತಾಗಲೂ ವರ್ಣಮಾಲೆ ಲೆಕ್ಕದ ಪುಸ್ತಕದ ಹಾಗೆ ಓಡುತ್ತಿತ್ತು.

ಇಷ್ಟಾದರೂ ನಮ್ಮ ಕಡೆಯ ಹೆಸರುಗಳು ಬಿಡಬೇಕಲ್ಲ! ಮಲ್ಲಪ್ಪ, ಸಿದ್ದಪ್ಪ, ಯಲ್ಲವ್ವ, ನೀಲವ್ವ. ಒತ್ತಕ್ಷರ ಇಲ್ಲದ ಹಿರಿಯರು ಸಿಗುವುದೇ ಅಪರೂಪ. ಕಂಪ್ಯೂಟರಿಗೆ 'ಲ್ಲ' ಬೇಕಾದರೆ ಲ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಮತ್ತೆ ಲ. ಆ ಚಿಹ್ನೆಯನ್ನು ಕೀಲಿಯ ಮೇಲೆ ಒಂಟಿಯಾಗಿ ಹಾಕಿದರೆ ಪಕ್ಕದಲ್ಲಿ ಚುಕ್ಕಿಗಳ ಉಂಗುರ ಮೂಡುತ್ತದೆ. "ಇದೇನ್ ತಮ್ಮಾ, ಸಿಂಬಿ ಇಟ್ಟಂಗ ಐತಿ?" ಅಂದರು ಒಬ್ಬ ಅಜ್ಜ. ಎಫ್ ಒತ್ತಿದರೆ ಒತ್ತಕ್ಷರ ಬರುವ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಪಳಗಿದ ಮುನೀಮರು ಹಿಂದಿನಿಂದ, "ಅಜ್ಜಾರ, ಅದು ಎಫ್ ಇದ್ದಂಗ್ರಿ" ಅಂತ ಬಿಡಿಸಿ ಹೇಳಿದರು. ಅಜ್ಜ ಇಬ್ಬರನ್ನೂ ಒಮ್ಮೆ ನೋಡಿ ಮಲಲಪಪ ಅಂತ ಬರೆದು ಹೋದರು.

ಸರಿ, ಉಂಗುರ ತೆಗೆದು ಆ ಕೀಲಿ ಮೇಲೆ ದೊಡ್ಡದಾಗಿ 'ಒತ್ತು' ಅಂತ ಬರೆದೆ. ಮರುದಿನ ಬಂದವರೆಲ್ಲ ಮೊದಲು ಅದನ್ನೇ ಒತ್ತಿದರು. ಒತ್ತು ಅಂತ ನೀವೇ ಬರೆದೀರಲ್ರೀ!

ಬೆರಳಿನದು ಬೇರೆಯೇ ಕಥೆ. ತೋಟದಲ್ಲಿ ದುಡಿದು ಗಟ್ಟಿಯಾದ ಬೆರಳು ಈ ಸ್ಕ್ರೀನಿಗೆ ಸರಿಯಾಗಿ ತಿಳಿಯುವುದಿಲ್ಲ, ಉಗುರಂತೂ ಲೆಕ್ಕಕ್ಕೇ ಇಲ್ಲ. ಆಗ ಜನ ಜೋರಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ವಿಂಡೋಸಿಗೆ ಅದು ಮೌಸಿನ ಬಲಗುಂಡಿ. ಊರಿನ ಬಾಕ್ಸ್ ಮೇಲೆ ಮೆನು ತೆರೆದು, ಯಾರೋ ಅದರಲ್ಲಿ ಫಿಲ್ಟರ್ ಮುಟ್ಟಿ, ಬಬಲೇಶ್ವರದವರನ್ನು ಬಿಟ್ಟು ಉಳಿದವರೆಲ್ಲ ಸ್ಕ್ರೀನಿನಿಂದ ಮಾಯ. "ಇಂಡಿ ಮಂದಿ ಮಾಲೆಲ್ಲ ಎಲ್ಲಿ ಹೋತ್ರೀ!" ಅಂತ ಮುನೀಮರು ಬೆವರಿಬಿಟ್ಟರು. ಪ್ರಾಪರ್ಟಿಯಲ್ಲಿ ಶಾರ್ಟ್‌ಕಟ್ ಮೆನು ಬೇಡ ಅಂತ ಕೊಟ್ಟ ಮೇಲೆ ಅವರು ಚಹಾ ಕುಡಿದರು.

ಜಾಸ್ತಿ ತಲೆ ತಿಂದದ್ದು ಮೊಬೈಲ್ ನಂಬರ್. ಕೆಲವರದು 10 ಅಂಕಿ ಸರಿಯಾಗಿ ಬರುತ್ತಿತ್ತು, ಕೆಲವರದು 9ಕ್ಕೇ ನಿಲ್ಲುತ್ತಿತ್ತು. ನೋಡಿದರೆ ಜೋಡಿ ಅಂಕಿ ಇದ್ದವರದೇ ಗೋಳು! 44 ಅಂತ ಬೇಗ ಬೇಗ ಮುಟ್ಟಿದರೆ ಎರಡನೆಯದು ಕ್ಲಿಕ್ ಅಲ್ಲ, ಡಬಲ್ ಕ್ಲಿಕ್. ಬಟನ್ ಆಗಿದ್ದರೆ ಡಬಲ್ ಕ್ಲಿಕ್ ಆದ ಮೇಲೂ ಇನ್ನೊಂದು ಕ್ಲಿಕ್ ಕೊಡುತ್ತದೆ, ಲೇಬಲ್ ಕೊಡುವುದಿಲ್ಲ. ಡಬಲ್ ಕ್ಲಿಕ್‌ಗೂ ಅದೇ ಕೆಲಸ ಹಚ್ಚಿದ ಮೇಲೆ ನಂಬರ್ ಪೂರ್ತಿ ಬಂತು.

ಎಲ್ಲ ಮುಗಿಯಿತು ಅನ್ನುವಾಗ ಮಾಲೀಕರು ಬಂದು, "ಅಡ್ಡಹೆಸರಿಗೆ ಇಷ್ಟೆಲ್ಲ ಯಾಕ್ರಿ? 'ಪಾಟೀಲ' ಒಂದು, 'ಬಿರಾದಾರ' ಒಂದು ಬಟನ್ ಹಾಕ್ರಿ, ಅರ್ಧ ಜಿಲ್ಲಾ ಮುಗೀತು" ಅಂದರು. ನಗುತ್ತಲೇ ಹಾಕಿದೆ. ಈಗ ಬಡಿಗೇರರು, ಹೂಗಾರರು ಕೌಂಟರಿಗೆ ಬಂದು ನಮ್ಮದ್ಯಾಕ ಇಲ್ಲ ಅಂತ ಕೇಳುತ್ತಿದ್ದಾರೆ, ಸ್ಕ್ರೀನಿನಲ್ಲಿ ಜಾಗ ಇಲ್ಲ.