ಚಿಲಿಯಲ್ಲಿ ನನ್ನ ಬ್ಯಾಗು ಹೋದದ್ದು

ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಂಡವಳು ನಾನು. ಕೌಂಟರಿನ ಗಾಜಿಗೆ ನಾನೇ ಬರೆದು ಅಂಟಿಸಿದ ಒಂದು ಚೀಟಿ ಇತ್ತು. "ಬಟ್ಟೆ ಮೇಲೆ ಗಲೀಜು ಬಿದ್ದಿದೆ ಎಂದು ಯಾರಾದರೂ ಹೇಳಿದರೆ ನಿಲ್ಲಬೇಡಿ. ಹಣದ ಮೇಲೆ ಗಮನವಿರಲಿ." ಪೆನ್ಷನ್ ತೆಗೆಯಲು ಬರುವ ಅಜ್ಜಂದಿರಿಗೆ ಬಾಯಿಬಿಟ್ಟೂ ಹೇಳುತ್ತಿದ್ದೆ. ಅಂಥ ನಾನು ಹೋದ ವರ್ಷ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಅದೇ ಆಟಕ್ಕೆ ಬಿದ್ದೆ.

ಈಗ ಇದನ್ನು ಬರೆಯುತ್ತಿರುವುದು ನನ್ನ ತಂಗಿಗಾಗಿ. ಅವಳೂ ಅವಳ ಗೆಳತಿಯರೂ ನವೆಂಬರ್‌ನಲ್ಲಿ ಚಿಲಿಗೆ ಹೊರಟಿದ್ದಾರೆ. ಅವರ ವಾಟ್ಸಾಪ್ ಗುಂಪು ಈಗಾಗಲೇ ಎರಡು ಹೋಳಾಗಿದೆ. ಒಂದು ಕಡೆಯವರು "ಸೌತ್ ಅಮೆರಿಕಾ ಅಂದ್ರೆ ಡ್ರಗ್ಸು, ಗನ್ನು, ಬೇಡವೇ ಬೇಡ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಚಿಲಿ ಸ್ಟೇಬಲ್ ದೇಶ ಕಣ್ರೇ, ಯುರೋಪ್ ಇದ್ದ ಹಾಗೆ, ಏನೂ ಆಗಲ್ಲ" ಅನ್ನುತ್ತಾರೆ. ನನಗೆ ಭಯ ಇರುವುದು ಈ ಎರಡನೆಯವರದ್ದು. ನಾನು ಹೋದದ್ದೂ ಇದೇ ಧೈರ್ಯದಲ್ಲಿ.

ಸ್ಟೇಬಲ್ ಅನ್ನುವ ಮಾತು ಸುಳ್ಳಲ್ಲ. 1973ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡು 1990ರವರೆಗೆ ಸೇನಾ ಮುಖ್ಯಸ್ಥ ಪಿನೊಚೆ ಆಳಿದ ನಾಡು ಅದು. ಆಮೇಲೆ ಚುನಾವಣೆ ತಪ್ಪಿಲ್ಲ. 2019ರ ಅಕ್ಟೋಬರ್‌ನಲ್ಲಿ ಮೆಟ್ರೋ ಟಿಕೆಟ್ 30 ಪೆಸೊ ಏರಿತು. ಅಷ್ಟಕ್ಕೇ ಊರಿಗೆ ಊರೇ ಬೀದಿಗೆ ಬಂತು, ಮೆಟ್ರೋ ನಿಲ್ದಾಣಗಳು ಸುಟ್ಟವು. ಆದರೆ ಆ ಸಿಟ್ಟೂ ಕೊನೆಗೆ ಮತಪೆಟ್ಟಿಗೆಗೇ ಹೋಯಿತು. ಹೊಸ ಸಂವಿಧಾನದ ಒಂದು ಕರಡನ್ನು 2022ರಲ್ಲಿ, ಇನ್ನೊಂದನ್ನು 2023ರಲ್ಲಿ ಜನ ಬೇಡ ಅಂದರು. ಗಟ್ಟಿ ದೇಶವೇ, ಒಪ್ಪುತ್ತೇನೆ. ಆದರೆ ಸರ್ಕಾರ ಗಟ್ಟಿಯಾಗಿದ್ದ ಮಾತ್ರಕ್ಕೆ ನಮ್ಮ ಬ್ಯಾಗಿನ ಜಿಪ್ಪು ಗಟ್ಟಿಯಾಗುವುದಿಲ್ಲವಲ್ಲ!

ಕೊಲೆಯ ಲೆಕ್ಕ ನೋಡಿದರೆ ಚಿಲಿಯಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು 6. ಆ ಖಂಡದಲ್ಲಿ ಅದು ಕಡಿಮೆಯೇ. ನಮ್ಮ ದೇಶದ್ದು 2ರ ಆಸುಪಾಸು. ಅಂದರೆ "ಇಂಡಿಯಾಗಿಂತ ಸೇಫ್" ಅನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಆದರೆ ಪ್ರವಾಸಿಗೆ ಕಾದಿರುವುದು ಕೊಲೆಗಾರನಲ್ಲ, ಕೈಚಳಕದವನು.

ಆ ದಿನ ಏನಾಯಿತು ಅಂದರೆ, ನಾನು ಲಾ ವೇಗಾ ಮಾರುಕಟ್ಟೆಗೆ ಹೋಗಿದ್ದೆ. ನಮ್ಮ ಕೆ.ಆರ್. ಮಾರ್ಕೆಟ್ ಇದ್ದ ಹಾಗೇ, ಗದ್ದಲ, ಗಾಡಿ, ಗುಡ್ಡೆ ಹಾಕಿದ ಬೆಣ್ಣೆಹಣ್ಣು. ಆ ಊರಲ್ಲೇ ಕೆಲಸದಲ್ಲಿರುವ ಮಗ ಆಫೀಸಿಗೆ ಹೋಗಿದ್ದ. ಯಜಮಾನರು ಮನೆಯಲ್ಲೇ ಇದ್ದರು. ಎರಡು ವಾರ ಕಳೆದಿತ್ತು, ಊರು ಅಭ್ಯಾಸವಾಗಿತ್ತು, ಅದೇ ತಪ್ಪಾಯಿತು. ಕೈಯಲ್ಲಿ ಮೊಬೈಲ್, ಹೆಗಲಿಗೆ ಬ್ಯಾಗು, ಅದೂ ಬೆನ್ನ ಕಡೆಗೆ. ಕುಂಬಳಕಾಯಿ ಮಾರುತ್ತಿದ್ದ ಒಬ್ಬ ಮುದುಕಪ್ಪ ನನ್ನನ್ನೇ ನೋಡಿದ. ತೋರುಬೆರಳನ್ನು ಕಣ್ಣ ಕೆಳಗಿಟ್ಟು ರೆಪ್ಪೆಯನ್ನು ಸ್ವಲ್ಪ ಕೆಳಕ್ಕೆ ಎಳೆದ. ಏನೋ ಅಂದ. ನನಗೆ ಅರ್ಥವಾಗಲಿಲ್ಲ. ಕಣ್ಣು ನೋವೇನೋ ಪಾಪ, ಇಲ್ಲಾ ನನ್ನ ಕುಂಕುಮ ನೋಡಿ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕು ಮುಂದೆ ಹೋದೆ.

ಮಾರುಕಟ್ಟೆಯಿಂದ ಹೊರಬಂದು ನದಿ ಕಡೆಗೆ ಹತ್ತು ಹೆಜ್ಜೆ ಹಾಕಿರಬೇಕು. ಬೆನ್ನಿಗೆ ಏನೋ ತಣ್ಣಗೆ ಬಿತ್ತು. ಹಳದಿ ಹಸಿರು ಬಣ್ಣ, ಕೆಟ್ಟ ವಾಸನೆ. ನನ್ನ ವಯಸ್ಸಿನ ಒಬ್ಬ ಹೆಂಗಸು ಓಡಿ ಬಂದಳು. ಮೇಲೆ ಮರ ತೋರಿಸಿದಳು, ಹಕ್ಕಿಯಂತೆ. ಅವಳ ಕೈಯಲ್ಲಿ ಟಿಶ್ಯೂ ಸಿದ್ಧವಾಗಿತ್ತು. ನೀರಿನ ಬಾಟಲಿಯೂ ಇತ್ತು. ಎಷ್ಟು ಒಳ್ಳೆಯವಳು ಅಂತ ನಾನೇ ಬ್ಯಾಗು ಇಳಿಸಿ ಕಾಲ ಬಳಿ ಇಟ್ಟೆ, ಸೀರೆ ಸೆರಗು ಒರೆಸಿಕೊಳ್ಳೋಣ ಅಂತ. ಮೊಬೈಲನ್ನೂ ಅದರೊಳಗೇ ಹಾಕಿದೆ! ತಿರುಗಿ ನೋಡುವಾಗ ಬ್ಯಾಗಿಲ್ಲ. ಅವಳೂ ಇಲ್ಲ.

ಮೊಬೈಲ್, 60,000 ಪೆಸೊ, ಕನ್ನಡಕ, ಥೈರಾಯ್ಡ್ ಮಾತ್ರೆ ಹೋದವು. ಪಾಸ್‌ಪೋರ್ಟ್ ಮನೆಯಲ್ಲಿತ್ತು, ಅದೊಂದು ಪುಣ್ಯ. ಹಣಕ್ಕಿಂತ ನನ್ನನ್ನು ಕಾಡಿದ್ದು ಮಾತ್ರೆ. ಇದ್ದಬದ್ದ ಮಾತ್ರೆಯನ್ನೆಲ್ಲ ಒಂದೇ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುವುದು ಯಾವ ಜಾಣತನ ಹೇಳಿ? ಎರಡು ಕಡೆ ಹಂಚಿಡಿ. ಡಾಕ್ಟರ ಚೀಟಿಯ ಫೋಟೋ ಮಗನಿಗೋ ಮಗಳಿಗೋ ಕಳಿಸಿಡಿ.

ದೂರು ಕೊಡಲು ಮಗನ ಜೊತೆ ಠಾಣೆಗೆ ಹೋದೆ. ಅಲ್ಲಿನ ಪೊಲೀಸರಿಗೆ ಕರಾಬಿನೇರೋಸ್ ಅನ್ನುತ್ತಾರೆ, ತುರ್ತು ನಂಬರ್ 133. ಆಂಬುಲೆನ್ಸಿಗೆ 131, ಬೆಂಕಿಗೆ 132. (ಅಲ್ಲಿನ ಅಗ್ನಿಶಾಮಕದವರು ಸಂಬಳವಿಲ್ಲದ ಸ್ವಯಂಸೇವಕರು ಅಂತ ಮಗ ಹೇಳಿದಾಗ ನಾನು ನಂಬಿರಲಿಲ್ಲ.) ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಫೋನಿನ ಅನುವಾದ ಇಟ್ಟುಕೊಂಡು ತಾಳ್ಮೆಯಿಂದ ಬರೆದುಕೊಂಡ. "ಏನಾದ್ರೂ ಕೊಡಬೇಕೇನೋ" ಅಂತ ಮಗನ ಕಿವಿಯಲ್ಲಿ ಕೇಳಿದೆ. "ಅಮ್ಮಾ, ಕೈ ಕೆಳಗಿಡು. ಇಲ್ಲಿ ಅದಕ್ಕೇ ಒಳಗೆ ಹಾಕ್ತಾರೆ" ಅಂದ. ಆ ದೂರಿನ ಪ್ರತಿ ಇದ್ದುದರಿಂದಲೇ ಇನ್ಶೂರೆನ್ಸ್‌ನಲ್ಲಿ ಸ್ವಲ್ಪ ಹಣ ಬಂತು. ಇನ್ಶೂರೆನ್ಸ್ ದಂಡ ಅನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಿ.

ಠಾಣೆಯಲ್ಲೇ ಮುದುಕಪ್ಪನ ಕಣ್ಣಿನ ವಿಷಯ ಹೇಳಿದೆ. ಆ ಹುಡುಗ ನಕ್ಕುಬಿಟ್ಟ. "ಓಹೋ" ಅಂದ ಹಾಗೆ ಕೇಳಿಸಿತು. "ಓಹೊ ಅಲ್ಲಮ್ಮ, ಓಖೋ. ಕಣ್ಣು ಅಂತ. ಹುಷಾರು, ಕಣ್ಣಿಟ್ಟಿರು ಅಂತ ಸನ್ನೆ" ಅಂದ ಮಗ. ಇಡೀ ಮಾರುಕಟ್ಟೆಯಲ್ಲಿ ನನ್ನ ಹಿತ ಬಯಸಿದ್ದವನು ಅವನೊಬ್ಬ. ಅವನನ್ನೇ ನಾನು ಅನುಮಾನಿಸಿದ್ದೆ, ಟಿಶ್ಯೂ ಹಿಡಿದವಳನ್ನು ನಂಬಿದ್ದೆ.

ಅಂದಿನಿಂದ ನನ್ನ ರೀತಿ ಬದಲಾಯಿತು. ನೆಟ್ಟಿನಲ್ಲಿ ಬರೆದ ಎಚ್ಚರಿಕೆ ಓದುವುದು ಬಿಟ್ಟು, ಅಲ್ಲಿಯವರು ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಹೆದರುವುದಿಲ್ಲ ಅಂತ ನೋಡತೊಡಗಿದೆ. ಎರಡೂ ನಮ್ಮ ಲೆಕ್ಕಕ್ಕೆ ಉಲ್ಟಾ.

ಭೂಕಂಪವನ್ನೇ ತಗೊಳ್ಳಿ. ಒಂದು ರಾತ್ರಿ ಹದಿನಾಲ್ಕನೇ ಮಹಡಿಯಲ್ಲಿ ಮಲಗಿದ್ದೇವೆ. ಮಂಚ ತೊಟ್ಟಿಲಿನ ಹಾಗೆ ತೂಗಿತು, ಅಡುಗೆಮನೆಯಲ್ಲಿ ಲೋಟಗಳು ಕಿಣಿಕಿಣಿ ಅಂದವು. ನಾನು ಎದ್ದು ಮೆಟ್ಟಿಲ ಕಡೆ ಓಡಿದೆ. ಮಗ ಬಾಗಿಲಲ್ಲಿ ಅಡ್ಡ ನಿಂತ. "ತೆಂಬ್ಲೋರ್ ಅಮ್ಮ, ಸಣ್ಣದು. ಓಡಬಾರದು, ಬಾ ಮಲ್ಕೋ." ಪಕ್ಕದ ಮನೆಯಲ್ಲಿ ಟೀವಿ ಸದ್ದು ಕೂಡ ನಿಂತಿರಲಿಲ್ಲ. ಲೆಕ್ಕಕ್ಕೆ ಸಿಕ್ಕ ಭೂಕಂಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆಗಿದ್ದು ಅದೇ ದೇಶದ ವಲ್ದಿವಿಯದಲ್ಲಿ, 1960ರಲ್ಲಿ, 9.5. ಪಾಠ ಕಲಿತು ಕಟ್ಟಡ ಕಟ್ಟಿದ್ದಾರೆ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ಕಂಪನಕ್ಕೆ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮುಂದಿನ ತಿಂಗಳೇ ಚಿಲಿಯಲ್ಲಿ 8.8. ಸತ್ತವರು ಸುಮಾರು 525. ಅವರಲ್ಲೂ ನೂರಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡದ್ದು ಸಮುದ್ರ. ಅವತ್ತು ಸುನಾಮಿ ಎಚ್ಚರಿಕೆಯನ್ನು ಅಧಿಕಾರಿಗಳು ಹಿಂದಕ್ಕೆ ಪಡೆದಿದ್ದರು, ಆಮೇಲೂ ಅಲೆ ಬಂತು.

ಅದಕ್ಕೇ ವಾಲ್ಪರೈಸೊ, ವಿನ್ಯಾ ದೆಲ್ ಮಾರ್ ಕಡೆ ಹೋದರೆ ಬೀಚಿನ ಫೋಟೋಗಿಂತ ಮುಂಚೆ ರಸ್ತೆ ಬದಿಯ ಸುನಾಮಿ ಫಲಕ ನೋಡಿ. ಅಲೆ, ಓಡುವ ಮನುಷ್ಯ, ಗುಡ್ಡದ ಕಡೆಗೆ ಬಾಣ. ನಿಲ್ಲಲು ಆಗದಷ್ಟು ನೆಲ ಅಲುಗಾಡಿದರೆ ಸೈರನ್‌ಗೆ ಕಾಯಬಾರದು. ಸಮುದ್ರಮಟ್ಟದಿಂದ 30 ಮೀಟರ್ ಎತ್ತರಕ್ಕೆ ನಡೆದುಬಿಡಬೇಕು. ಅಲ್ಲಿನ ಶಾಲೆ ಮಕ್ಕಳಿಗೂ ಇದು ಗೊತ್ತು.

ಅಟಕಾಮಾ ಮರುಭೂಮಿಯಲ್ಲಿ ಕಳ್ಳರ ಭಯ ಕಡಿಮೆ, ಎತ್ತರದ್ದು ಜಾಸ್ತಿ. ಸ್ಯಾನ್ ಪೆದ್ರೊ ಊರು ಇರುವುದೇ 2,400 ಮೀಟರ್ ಮೇಲೆ. ಅಂದರೆ ನಾವು ಮಲಗಿದ ಮಂಚವೇ ಮುಳ್ಳಯ್ಯನಗಿರಿ ತುದಿಗಿಂತ ಎತ್ತರ. ಮಾರನೇ ದಿನವೇ ಬೆಳಗಿನ ಜಾವ ನಾಲ್ಕಕ್ಕೆ ವ್ಯಾನ್ ಹತ್ತಿಸಿ 4,300 ಮೀಟರ್‌ನ ಎಲ್ ತಾತಿಯೋ ಬಿಸಿನೀರ ಬುಗ್ಗೆಗೆ ಕರೆದೊಯ್ಯುತ್ತಾರೆ. ಯಜಮಾನರು "ನಾನು ಮಲೆನಾಡಿನವನು, ಗುಡ್ಡ ನನಗೇನು ಹೊಸದಾ" ಅಂದವರು, ಅಲ್ಲಿ ವ್ಯಾನಿನಿಂದ ಇಳಿಯಲೇ ಇಲ್ಲ. ತಲೆನೋವು, ವಾಂತಿ. ಸುಮ್ನೆ ಎರಡು ದಿನ ಊರಲ್ಲಿ ತಿರುಗಾಡಿಕೊಂಡಿದ್ದು ಆಮೇಲೆ ಮೇಲೆ ಹೋಗಬೇಕಿತ್ತು. ಬುಗ್ಗೆಗಳ ಹತ್ತಿರ ಗುರುತು ದಾಟಿ ಸೆಲ್ಫಿಗೆ ಹೋಗಬೇಡಿ, ಕುದಿಯುವ ಗುಂಡಿಗೆ ಬಿದ್ದು ಸತ್ತವರಿದ್ದಾರೆ.

ಹಾಂ, ಇನ್ನೊಂದು. ಸ್ಯಾಂಟಿಯಾಗೋ ವಿಮಾನ ನಿಲ್ದಾಣದಲ್ಲಿ ಹಣ್ಣು, ಬೀಜ, ಜೇನುತುಪ್ಪ ಎಲ್ಲದಕ್ಕೂ ತಪಾಸಣೆ. ವಿಮಾನದಲ್ಲಿ ಕೊಟ್ಟ ಸೇಬು ಮುಚ್ಚಿಟ್ಟುಕೊಂಡು ಸಿಕ್ಕಿಬಿದ್ದರೂ ದಂಡ. ಇದೆ ಅಂತ ಫಾರಂನಲ್ಲಿ ಮೊದಲೇ ಬರೆದರೆ ದಂಡವಿಲ್ಲ, ಬೇಡದ್ದನ್ನು ಕಸಕ್ಕೆ ಹಾಕುತ್ತಾರೆ ಅಷ್ಟೆ. ನನ್ನ ಶೇಂಗಾ ಚಟ್ನಿಪುಡಿ ಮೂಸಿ ನೋಡಿ ಬಿಟ್ಟರು. ಕರಿಬೇವು ಹೋಯಿತು.

ನಿನ್ನೆ ತಂಗಿ ವಿಡಿಯೋ ಕಾಲ್ ಮಾಡಿದ್ದಳು. "ಅಕ್ಕ, ಇಷ್ಟುದ್ದ ಹೇಳ್ಬೇಡ, ಒಂದೇ ಮಾತಲ್ಲಿ ಹೇಳು, ಅಲ್ಲಿ ಹುಷಾರಾಗಿರೋದು ಹೇಗೆ?" ಅಂದಳು. ನಾನು ಮಾತಾಡಲಿಲ್ಲ. ಬೆರಳನ್ನು ಕಣ್ಣ ಕೆಳಗಿಟ್ಟು ರೆಪ್ಪೆ ಎಳೆದು ತೋರಿಸಿದೆ.

"ಅಯ್ಯೋ, ಕಣ್ಣು ಬಂದಿದೆಯಾ? ಡ್ರಾಪ್ಸ್ ಹಾಕ್ಕೋ" ಅಂದಳು.