ವಿಸ್ಕಿಗೆ ಸಕ್ಕರೆ ಹಾಕುವ ಊರಿನಿಂದ

ವಿಸ್ಕಿಗೆ ಸಕ್ಕರೆ ಹಾಕುತ್ತೇನೆ ಎಂದರೆ ನಮ್ಮವರು ಮುಖ ಹುಳ್ಳಗೆ ಮಾಡುತ್ತಾರೆ. ಅಮೆರಿಕದ ಮಿಲ್ವಾಕಿಯ ನಮ್ಮ ಮನೆಗೆ ಬಂದುಹೋಗುವ ಕನ್ನಡಿಗರಲ್ಲಿ ದಾವಣಗೆರೆ ಕಡೆಯ ಹಿರಿಯರೊಬ್ಬರಿದ್ದಾರೆ. “ಅಲ್ಲರೀ, ಇಷ್ಟು ದುಡ್ಡು ಕೊಟ್ಟು ತಂದ ಮಾಲನ್ನು ಸಕ್ಕರೆ ಹಾಕಿ ಕೆಡಿಸುತ್ತೀರಲ್ಲ!” ಎಂದು ಬೈದು, ತಮ್ಮ ಲೋಟಕ್ಕೆ ಒಂದು ಪಾಲು ವಿಸ್ಕಿ, ಮೂರು ಪಾಲು ಸೋಡಾ ಸುರಿದುಕೊಳ್ಳುತ್ತಾರೆ. ಅವರು ಮಾಲು ಕೆಡಿಸಿದರೆಂದು ಯಾರೂ ಅನ್ನುವುದಿಲ್ಲ. ನಮ್ಮ ಕಣ್ಣಿಗೆ ಸೋಡಾ ಮಡಿ, ಸಕ್ಕರೆ ಮೈಲಿಗೆ. ಬೆರಕೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಬೇರೆ ಕಡೆ: ನಮ್ಮಲ್ಲಿ ವಿಸ್ಕಿಯನ್ನು ಎಲ್ಲರೂ ತೆರೆಯುತ್ತಾರೆ, ಎಲ್ಲರೂ ಸುರಿಯುತ್ತಾರೆ, ಕೂತು ತಯಾರಿಸುವವರು ಮಾತ್ರ ಇಲ್ಲ.

ನಾನು ಮನೆಯಲ್ಲಿ ತಯಾರಿಸುವುದು ಓಲ್ಡ್ ಫ್ಯಾಷನ್ಡ್ ಎಂಬ ವಿಸ್ಕಿಯ ಕಾಕ್‌ಟೇಲ್. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದಕ್ಕೆ ಓದುಗನೊಬ್ಬ ಕಾಕ್‌ಟೇಲ್ ಎಂದರೆ ಏನೆಂದು ಕೇಳಿ ಬರೆದಿದ್ದ. ಸಂಪಾದಕರ ಉತ್ತರದಲ್ಲಿದ್ದ ಪದಾರ್ಥಗಳು ನಾಲ್ಕೇ: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ ಸಾರ. ನೀರು ಅಂದೇ ಇತ್ತು ಎಂಬುದನ್ನು ನಮ್ಮ ಹಿರಿಯರ ಪರವಾಗಿ ಒಪ್ಪುತ್ತೇನೆ. ಮುಂದೆ ಬಾರಿನವರು ಇದಕ್ಕೆ ಅದೂ ಇದೂ ಸೇರಿಸತೊಡಗಿದಾಗ, ಹಳೆಯ ಗಿರಾಕಿಗಳು “ನಮಗೆ ಹಳೆಯ ರೀತಿಯದೇ ಕೊಡಿ” ಎಂದು ಪಟ್ಟು ಹಿಡಿದರು; ಹೆಸರು ಹುಟ್ಟಿದ್ದು ಹಾಗೆ. ಕೆಂಟಕಿಯ ಲೂಯಿವಿಲ್ ನಗರದವರು ಇದು ತಮ್ಮ ಪೆಂಡೆನಿಸ್ ಕ್ಲಬ್ಬಿನಲ್ಲಿ ಹುಟ್ಟಿದ್ದೆಂದು ಹೇಳಿಕೊಳ್ಳುತ್ತಾರೆ. ಆ ಕ್ಲಬ್ ಶುರುವಾದದ್ದು 1881ರಲ್ಲಿ. ಷಿಕಾಗೋದ ಪತ್ರಿಕೆಯಲ್ಲಿ ಈ ಹೆಸರು 1880ರಲ್ಲೇ ಅಚ್ಚಾಗಿದೆ. ಆದರೂ 2015ರಲ್ಲಿ ಲೂಯಿವಿಲ್ ಇದನ್ನು ನಗರದ ಅಧಿಕೃತ ಪಾನೀಯವೆಂದು ಸಾರಿಕೊಂಡಿತು. ಊರಿನ ಅಭಿಮಾನ ಇಸವಿಯ ಲೆಕ್ಕ ಕೇಳುವುದಿಲ್ಲ.

ಇನ್ನು ಮಾಡುವ ಬಗೆ. ತಳ ದಪ್ಪಗಿರುವ ಗಿಡ್ಡ ಗಾಜಿನ ಲೋಟಕ್ಕೆ ಒಂದು ಸಕ್ಕರೆ ಅಚ್ಚು, ಇಲ್ಲವೇ ಒಂದು ಟೀ ಚಮಚ ಸಕ್ಕರೆ ಹಾಕಿ, ಅದರ ಮೇಲೆ ಬಿಟರ್ಸ್ ಬಾಟಲಿಯನ್ನು ಎರಡು ಸಲ ಕೊಡವಬೇಕು. ಸಕ್ಕರೆ ಕಂದು ಬಣ್ಣಕ್ಕೆ ತಿರುಗಿ ಕುಸಿಯುತ್ತದೆ. ಒಂದು ಚಮಚ ನೀರು ಹಾಕಿ, ಹರಳಿನ ಕರಕರ ಸದ್ದು ನಿಲ್ಲುವವರೆಗೆ ಅರೆಯಬೇಕು. ಇಲ್ಲಿ ಅವಸರ ಕೂಡದು. ಸಕ್ಕರೆ ನೀರಿನಲ್ಲಿ ಕರಗಿದಷ್ಟು ಸುಲಭವಾಗಿ ಆಲ್ಕೋಹಾಲಿನಲ್ಲಿ ಕರಗದು. ವಿಸ್ಕಿ ಮೊದಲೇ ಬಿದ್ದರೆ ಹರಳು ತಳದಲ್ಲೇ ಕೂರುತ್ತದೆ, ಮೊದಲ ಗುಟುಕು ಸಪ್ಪೆ, ಕೊನೆಯ ಗುಟುಕು ಸಿಹಿ. ಕರಗಿದ ಮೇಲೆ 60 ಮಿಲಿ ವಿಸ್ಕಿ, ದೊಡ್ಡದೊಂದು ಮಂಜುಗಡ್ಡೆ, ಅರ್ಧ ನಿಮಿಷ ನಿಧಾನವಾಗಿ ತಿರುಗಿಸುವುದು. ತಣ್ಣಗಾಗಲಿ ಎಂದಷ್ಟೇ ತಿರುಗಿಸುವುದಲ್ಲ. ಮಂಜು ಕರಗಿ ಬಿಡುವ ನೀರು ಈ ಪಾನೀಯದ ಒಂದು ಪದಾರ್ಥ. ಅದು ಸಾಲದಿದ್ದರೆ ಗಂಟಲು ಸುಡುತ್ತದೆ, ಹೆಚ್ಚಾದರೆ ರುಚಿ ತೊಳೆದುಹೋಗುತ್ತದೆ.

ಕೊನೆಗೆ ಕಿತ್ತಳೆ ಸಿಪ್ಪೆ. ಹೆಬ್ಬೆರಳಗಲದ ಒಂದು ಪಟ್ಟಿಯನ್ನು ಕೊಯ್ದು, ಬಣ್ಣದ ಮೈ ಲೋಟದ ಕಡೆಗಿರುವಂತೆ ಹಿಡಿದು ಮಡಚಿ ಹಿಂಡಿದರೆ ಸೂಕ್ಷ್ಮವಾದ ತುಂತುರು ಹಾರುತ್ತದೆ. ದೀಪಕ್ಕೆ ಓರೆಯಾಗಿ ಹಿಡಿದು ನೋಡಿದರೆ ವಿಸ್ಕಿಯ ಮೇಲೆ ಎಣ್ಣೆಯ ತೆಳುವಾದ ಪೊರೆ ಕಾಣುತ್ತದೆ. ಮೂಗಿಗೆ ಮೊದಲು ತಾಗುವುದು ಅದೇ. ಈ ಕೆಲಸದಲ್ಲಿ ನನಗಿಂತ ನನ್ನ ಹೆಂಡತಿಯ ಕೈ ಚುರುಕು. ಅವಳ ಲೋಟಕ್ಕೆ ಸಕ್ಕರೆ ಅರ್ಧ ಮಾತ್ರ.

ಬಿಟರ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಎಲ್ಲೆಡೆ ಸಿಗುವುದು ಆಂಗೊಸ್ಟುರಾ. ಬಾಟಲಿಗಿಂತ ದೊಡ್ಡದಾದ ಚೀಟಿಯನ್ನು ಕತ್ತಿನವರೆಗೆ ಸುತ್ತಿಕೊಂಡಿರುವ ಆ ಪುಟ್ಟ ಬಾಟಲಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸೀಗರ್ಟ್ ಎಂಬ ಜರ್ಮನ್ ವೈದ್ಯ 1824ರಲ್ಲಿ ವೆನೆಜುವೆಲಾದ ಆಂಗೊಸ್ಟುರಾ ಪಟ್ಟಣದಲ್ಲಿ ಹೊಟ್ಟೆಯ ತೊಂದರೆಗಳಿಗೆ ಮದ್ದಾಗಿ ಇದನ್ನು ಸಿದ್ಧಪಡಿಸಿದ. ಈಗ ತಯಾರಾಗುವುದು ಟ್ರಿನಿಡಾಡ್‌ನಲ್ಲಿ. ಇದರ ಕಹಿಗೆ ಮೂಲ ಜೆಂಷನ್ ಎಂಬ ಗಿಡದ ಬೇರು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ, ಜ್ವರಕ್ಕೆ ಅಜ್ಜಿಯರು ಕಷಾಯ ಮಾಡಿ ಕುಡಿಸುತ್ತಿದ್ದ ಕಿರಾತಕಡ್ಡಿಯೂ ಅದೇ ಕುಟುಂಬದ ಗಿಡ. ಎರಡು ಸಲ ಕೊಡವಿದ್ದು ಲೋಟದಲ್ಲಿ ಇದೆಯೆಂದು ಗೊತ್ತಾಗುವುದಿಲ್ಲ, ಬಿಟ್ಟರೆ ತಕ್ಷಣ ಗೊತ್ತಾಗುತ್ತದೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎನ್ನುತ್ತಾರಲ್ಲ, ಇದು ಇಲ್ಲಿಯ ಇಂಗು.

ವಿಸ್ಕಿಯ ಆಯ್ಕೆಯಲ್ಲಿ ನಮ್ಮವರು ಎಡವುವುದು ಬಾಟಲಿಯ ಮೇಲಿನ ಅಂಕಿ ಓದುವಾಗ. ಭಾರತದ ಬಾಟಲಿಯಲ್ಲಿ 75 ಡಿಗ್ರಿ ಪ್ರೂಫ್ ಎಂದಿದ್ದರೆ ಅದು ಶೇ. 42.8 ಆಲ್ಕೋಹಾಲ್, ಬ್ರಿಟಿಷರು ಬಿಟ್ಟುಹೋದ ಅಳತೆ. ಅಮೆರಿಕದ 80 ಪ್ರೂಫ್ ಎಂದರೆ ಶೇ. 40 ಮಾತ್ರ. ಅಂಕಿ ದೊಡ್ಡದು, ಖಾರ ಕಡಿಮೆ. ಅಮೆರಿಕದ ವಿಸ್ಕಿ ಬರ್ಬನ್ ಎನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು. ಒಂದು ಸಲ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ನಡೆಯದು; ಅದು ಸ್ಕಾಟ್ಲೆಂಡಿಗೆ ಹೋಗುತ್ತದೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತದೆ. ನನಗೆ ಬರ್ಬನ್‌ಗಿಂತ ರೈ ಎಂಬ ಧಾನ್ಯದ ವಿಸ್ಕಿ ಇಷ್ಟ, ಅದೂ 100 ಪ್ರೂಫ್‌ನದು. ಅದರ ಒಣ ಖಾರ ಸಕ್ಕರೆಯ ಎದುರು ನಿಲ್ಲುತ್ತದೆ. ಆದರೆ ಲೆಕ್ಕ ಗೊತ್ತಿರಲಿ: ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್, ನನ್ನ ಲೋಟದಲ್ಲಿರುವುದು ಸುಮಾರು 24. ಒಂದೇ ಲೋಟ ಎಂದು ಹಗುರವಾಗಿ ಕಾಣುವಂಥದ್ದಲ್ಲ, ಕುಡಿದು ಕಾರಿನ ಕೀಲಿಗೆ ಕೈ ಹಾಕುವಂಥದ್ದಂತೂ ಅಲ್ಲವೇ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಾನಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ನನ್ನ ಈ ಕ್ರಮಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ಓಲ್ಡ್ ಫ್ಯಾಷನ್ಡ್ ಕೇಳಿದರೆ ಬರುವುದು ಬ್ರಾಂದಿ. ವಿಸ್ಕಿಯೇ ಬೇಕಿದ್ದರೆ ಬಾಯಿಬಿಟ್ಟು ಹೇಳಬೇಕು. ಶುಕ್ರವಾರ ಸಂಜೆ ಹುರಿದ ಮೀನು ತಿನ್ನಲು ಜನ ಸಪ್ಪರ್ ಕ್ಲಬ್ ಎಂಬ ಊಟದ ಹೋಟೆಲುಗಳಿಗೆ ಹೋಗುತ್ತಾರೆ; ಅಲ್ಲಿ ಕಿತ್ತಳೆ ಹೋಳನ್ನೂ ಚೆರ್ರಿಯನ್ನೂ ಸಕ್ಕರೆಯ ಜೊತೆ ಜಜ್ಜಿ, ಬ್ರಾಂದಿ ಹೊಯ್ದು, “ಸ್ವೀಟ್, ಸೋರ್, ಪ್ರೆಸ್?” ಎಂದು ಕೇಳುತ್ತಾರೆ. ಸ್ವೀಟ್ ಎಂದರೆ ಸೆವೆನ್ ಅಪ್ ಥರದ ಸಿಹಿ ಪಾನೀಯ, ಸೋರ್ ಎಂದರೆ ಹುಳಿಯದು, ಪ್ರೆಸ್ ಎಂದರೆ ಅರ್ಧ ಸೋಡಾ ಅರ್ಧ ಸಿಹಿ. ನಮ್ಮ ದಾವಣಗೆರೆಯ ಹಿರಿಯರನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಪ್ರೆಸ್ ತರಿಸಿ, ಎರಡು ಗುಟುಕು ಕುಡಿದು, “ಇದು ನೋಡ್ರಿ ಮನುಷ್ಯರು ಕುಡಿಯುವಂಥದ್ದು” ಎಂದರು. ಬ್ರಾಂದಿ, ಸೋಡಾ, ಸಿಹಿ, ಹುಳಿ, ಎದುರಿಗೆ ಬಿಸಿ ಬಿಸಿ ಕರಿದ ಮೀನು. ದಕ್ಷಿಣ ಭಾರತದ ನಾಲಿಗೆಗೆ ಇನ್ನೇನು ಬೇಕು? ನನಗೆ ಅದು ಅತಿಯಾದ ಸಿಹಿ. ಆದರೆ ಸೋಡಾ ಬೆರೆಸುವವನು ಒರಟ ಎಂದು ಇಂಗ್ಲಿಷ್ ಪತ್ರಿಕೆಗಳನ್ನು ಓದಿ ನಾಚಿಕೊಳ್ಳುವ ನಮ್ಮ ಯುವಕರು ಒಮ್ಮೆ ಈ ರಾಜ್ಯವನ್ನು ನೋಡಿದರೆ ಧೈರ್ಯ ಬಂದೀತು.

ಊರಿನಲ್ಲಿ ಕುಡಿಯುವ ಅಳತೆಯನ್ನು ನಿರ್ಧರಿಸುವುದು ಬಾಟಲಿ. ಎಂಆರ್‌ಪಿ ಅಂಗಡಿಯಲ್ಲಿ ಕ್ವಾರ್ಟರ್ ಕೊಂಡರೆ 180 ಮಿಲಿ, ಅಂದರೆ ಮೂರು ದೊಡ್ಡ ಪೆಗ್ಗು. ಉಳಿದದ್ದನ್ನು ಮನೆಗೆ ಒಯ್ಯುವ ಹಾಗಿಲ್ಲ, ಚೆಲ್ಲಲು ಮನಸ್ಸಿಲ್ಲ. ಹಾಗಾಗಿ ಕಡಲೆಬೀಜದ ಪೊಟ್ಟಣ ಮುಗಿಯುವುದರೊಳಗೆ ಮೂರೂ ಮುಗಿಯುತ್ತವೆ. ಮನೆಯವರಿಗೆ ಕಾಣಬಾರದು ಎಂಬ ಒಂದು ಕಾರಣಕ್ಕೆ ಬೇಗ ಕುಡಿಯುವುದು, ಬೇಗ ಕುಡಿದದ್ದಕ್ಕೆ ಹೆಚ್ಚು ಕುಡಿಯುವುದು. ಕುಡಿತದಿಂದ ಮನೆಗಳು ಮುರಿದದ್ದನ್ನು ಕಂಡ ಸಮಾಜ ಬಾಟಲಿಯನ್ನು ಹೊಸಿಲಿನಾಚೆ ಇಟ್ಟದ್ದರಲ್ಲಿ ಅರ್ಥವಿದೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಂಗಸರು ಸಂತೋಷಪಟ್ಟದ್ದು ಸುಮ್ಮನೆ ಅಲ್ಲ. ಕುಡಿಯದವರ ಮನೆಗೆ ನಾನು ಲೋಟ ಒಯ್ಯುವುದಿಲ್ಲ. ಆದರೆ ಹೇಗೂ ಕುಡಿಯುವವರು ಕದ್ದು ಕುಡಿಯುವುದರಿಂದ ಯಾರಿಗೂ ಒಳ್ಳೆಯದಾಗಿಲ್ಲ. ಕೊಡಗಿನವರು ಈ ಮಾತಿಗೆ ಹೊರತು. ಅಲ್ಲಿ ಹಿರಿಯರ ಎದುರೇ ಕುಡಿಯುತ್ತಾರೆ, ಮನೆಯಲ್ಲೇ ಹಣ್ಣಿನ ವೈನ್ ಹಾಕುತ್ತಾರೆ.

ಸಮುದ್ರ ದಾಟಿದರೂ ನಾವು ಕದ್ದು ಕುಡಿಯುವ ಆ ಚಾಳಿಯನ್ನು ಬಿಟ್ಟು ಬಂದಿಲ್ಲ. ಯುಗಾದಿ, ದೀಪಾವಳಿಗೆ ಯಾರದ್ದಾದರೂ ಮನೆಯಲ್ಲಿ ಸೇರಿದರೆ ಮೇಲೆ ಹೆಂಗಸರು, ಮಕ್ಕಳು, ಬಿಸಿಬೇಳೆಬಾತು. ಕೆಳಗೆ ಬೇಸ್‌ಮೆಂಟಿನಲ್ಲಿ ಗಂಡಸರು, ಸ್ಕಾಚು, ಪ್ಲಾಸ್ಟಿಕ್ ಲೋಟ. ಇದು ನನಗೆ ಹಿಡಿಸುವುದಿಲ್ಲ. ನಮ್ಮ ಮನೆಯಲ್ಲಿ ಕೆಲಸ ನಡೆಯುವುದು ಅಡುಗೆಮನೆಯ ಕಟ್ಟೆಯ ಮೇಲೆ, ದೀಪದ ಕೆಳಗೆ. ಅಳತೆಯ ಬಟ್ಟಲಲ್ಲಿ ಅಳೆದು ಹಾಕಿದ ಕೂಡಲೇ ಬಾಟಲಿ ಬೀರುವಿಗೆ ಹೋಗುತ್ತದೆ. ಎರಡನೆಯದು ಬೇಕೆಂದರೆ ಮತ್ತೆ ಸಕ್ಕರೆ ಅರೆಯಬೇಕು, ಸಿಪ್ಪೆ ಕೊಯ್ಯಬೇಕು. ಬಹಳ ಜನರಿಗೆ ಅಷ್ಟು ಹೊತ್ತಿಗೆ ಊಟದ ನೆನಪಾಗುತ್ತದೆ.

ಅಮೆರಿಕದವರ ಡಂಬಾಚಾರವೂ ಇದೆ. ಲೋಟದ ಮೇಲೆ ಗಾಜಿನ ಗೋಪುರ ಕವುಚಿ ಹೊಗೆ ತುಂಬುವುದು, ಕನ್ನಡಿಯಂಥ ಮಂಜುಗಡ್ಡೆಗೆ ಬೇರೆ ಅಚ್ಚು ಕೊಳ್ಳುವುದು. ಅದೆಲ್ಲ ಬೇಡ.

ಊರಿನಲ್ಲಿ ಮಾಡಿ ನೋಡುವವರಿಗೆ ನನ್ನ ಸಲಹೆ ಇಷ್ಟು. ನಮ್ಮ ಅಗ್ಗದ ವಿಸ್ಕಿಗಳಲ್ಲಿ ಹೆಚ್ಚಿನವಕ್ಕೆ ಮೂಲ ಕಬ್ಬಿನ ಕಾಕಂಬಿ. ಯುರೋಪಿನ ಕಾನೂನಿನಲ್ಲಿ ಅವನ್ನು ವಿಸ್ಕಿ ಎಂದು ಮಾರುವಂತಿಲ್ಲ. ಅವುಗಳ ರುಚಿ ತೆಳು, ಆದ್ದರಿಂದ ಸಕ್ಕರೆ ಇಳಿಸಿ, ಬಿಟರ್ಸ್ ಒಂದು ಕೊಡವು ಹೆಚ್ಚಿಸಿ. ಬೆಲ್ಲದ ಪಾಕವೂ ನಡೆಯುತ್ತದೆ, ಬಟ್ಟೆಯಲ್ಲಿ ಸೋಸಿ ಹಾಕಿ, ಇಲ್ಲದಿದ್ದರೆ ತಳದಲ್ಲಿ ಮರಳು ಸಿಗುತ್ತದೆ. ಅಮೃತ್‌ನ ಸಿಂಗಲ್ ಮಾಲ್ಟ್ ಕೈಯಲ್ಲಿದ್ದರೆ ಅದನ್ನು ಇದಕ್ಕೆ ಬಳಸಬೇಡಿ, ನಾಲ್ಕು ಹನಿ ನೀರಿನ ಜೊತೆ ಹಾಗೇ ಕುಡಿಯಿರಿ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಚಾಕುವಿಗೆ ಪಟ್ಟಿಯಾಗಿ ಸಿಗುವುದಿಲ್ಲ. ಕೈಯಲ್ಲೇ ಬಿಡಿಸಿ ಹಿಂಡಿ. ಒಳಗಿನ ಬಿಳಿಯ ನಾರನ್ನು ಕೆರೆದು ತೆಗೆಯಿರಿ, ಕಹಿಗೆಂದು ಆಗಲೇ ಒಂದು ಬಾಟಲಿ ಕೊಂಡಿದ್ದೀರಿ.