ಹಿರಿಯರೊಂದಿಗೆ ಆಮ್‌ಸ್ಟರ್‌ಡ್ಯಾಮ್‌ಗೆ: ವಿಮಾನಕ್ಕಿಂತ ರಾತ್ರಿ ಹಡಗು ಮೇಲು

ಊರಿನಿಂದ ಅಪ್ಪ ಅಮ್ಮ, ಇಲ್ಲವೇ ಅತ್ತೆ ಮಾವ ಬರುವುದು ಗೊತ್ತಾದ ಕೂಡಲೇ ಇಂಗ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಯೂರೋಪಿನ ಮಾತು ಏಳುತ್ತದೆ. ಏಪ್ರಿಲ್‌ನಲ್ಲಿ ಬಂದವರಿಗೆ ಬಹುಮಟ್ಟಿಗೆ ಆಮ್‌ಸ್ಟರ್‌ಡ್ಯಾಮ್ ನಿಗದಿಯಾಗುತ್ತದೆ. ಅದರ ಹತ್ತಿರದ ಕ್ಯೂಕನ್‌ಹೋಫ್ ಟ್ಯುಲಿಪ್ ತೋಟ ತೆರೆದಿರುವುದು ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಮಾತ್ರ. ಎಲ್ಲಿಗೆ ಎಂಬುದಕ್ಕೆ ವಾರಗಟ್ಟಲೆ ಚರ್ಚೆ ನಡೆಸುವ ನಾವು ಹೇಗೆ ಎಂಬುದನ್ನು ಮಾತ್ರ ಎರಡು ನಿಮಿಷಕ್ಕೆ ಮುಗಿಸುತ್ತೇವೆ. ವಿಮಾನ ಒಂದೂಕಾಲು ಗಂಟೆಯಲ್ಲಿ ತಲುಪುತ್ತದೆ, ದರವೂ ಕಡಿಮೆ, ಟಿಕೆಟ್ ತೆಗೆ ಎನ್ನುತ್ತೇವೆ. ನನ್ನ ತಕರಾರು ಇರುವುದು ಈ ಲೆಕ್ಕದ ಬಗ್ಗೆ.

ಒಂದೂಕಾಲು ಗಂಟೆ ಎನ್ನುವುದು ವೇಳಾಪಟ್ಟಿಯಲ್ಲಿ ಬರೆದ ವಿಮಾನದ ಹೊತ್ತು, ನಾವು ದಾರಿಯಲ್ಲಿರುವ ಹೊತ್ತಲ್ಲ. ಬೆಳಗಿನ ವಿಮಾನವಾದರೆ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೇ ಏಳಬೇಕು. ಭದ್ರತಾ ತಪಾಸಣೆಯಲ್ಲಿ ಅಮ್ಮನ ಬಳೆ, ಅಪ್ಪನ ಬೆಲ್ಟು, ಮಾತ್ರೆಗಳ ಡಬ್ಬಿ ಎಲ್ಲವೂ ತಟ್ಟೆಗೆ ಹೋಗಬೇಕು. ಆಮೇಲೆ ಗೇಟಿನವರೆಗೆ ಉದ್ದದ ನಡಿಗೆ. ಇಳಿದ ಮೇಲೂ ಮುಗಿಯುವುದಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣವಾದ ಸ್ಕಿಪೋಲ್‌ನ ರನ್‌ವೇಗಳಲ್ಲಿ ಒಂದಾದ ಪೋಲ್ಡರ್‌ಬಾನ್ ಟರ್ಮಿನಲ್‌ನಿಂದ ಬಹಳ ದೂರದಲ್ಲಿದೆ. ಅಲ್ಲಿ ಇಳಿದರೆ ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟಿ ನೆಲದ ಮೇಲೇ ಉರುಳುತ್ತ ಬರಬೇಕು. ಸ್ಕಿಪೋಲ್‌ಗೆ ಸಲ್ಲಬೇಕಾದ ಹೊಗಳಿಕೆಯೂ ಇದೆ. ನಿಲ್ದಾಣದ ಕೆಳಗೇ ರೈಲಿದೆ, ಕಾಲು ಗಂಟೆಯಲ್ಲಿ ಊರಿನ ನಡುವಿಗೆ ಮುಟ್ಟಿಸುತ್ತದೆ. ಒಬ್ಬರೇ ಕೆಲಸದ ಮೇಲೆ ಹೋಗುವವರಿಗೂ, ಮ್ಯಾಂಚೆಸ್ಟರ್, ಎಡಿನ್‌ಬರೋಗಳಲ್ಲಿ ಇರುವವರಿಗೂ ವಿಮಾನವನ್ನು ನಾನು ಬೇಡವೆನ್ನುವುದಿಲ್ಲ. ನಾನು ಹೇಳುತ್ತಿರುವುದು ಲಂಡನ್ನಿನ ಆಸುಪಾಸಿನಲ್ಲಿದ್ದು, ಅರವತ್ತೈದು ದಾಟಿದವರನ್ನು ಜೊತೆಗೆ ಕರೆದೊಯ್ಯುವವರ ಮಾತು.

ರಾತ್ರಿ ಬಸ್ಸು ಎಲ್ಲಕ್ಕಿಂತ ಅಗ್ಗ. ವಿದ್ಯಾರ್ಥಿಗಳು ಹೋಗಲಿ, ಅವರ ಬೆನ್ನು ತಡೆಯುತ್ತದೆ. ಆದರೆ ಹಿರಿಯರನ್ನು ಅದರಲ್ಲಿ ಕೂರಿಸಬೇಡಿ. ಫ್ರಾನ್ಸಿನ ಗಡಿ ತಪಾಸಣೆ ಕಡಲು ದಾಟುವ ಮೊದಲೇ ಇಂಗ್ಲೆಂಡಿನ ನೆಲದಲ್ಲಿ ನಡೆಯುವುದರಿಂದ, ಆಗತಾನೆ ನಿದ್ದೆ ಹತ್ತಿದವರು ಚಳಿಯಲ್ಲಿ ಇಳಿದು ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಸ್ವಂತ ಕಾರಿನ ಆಸೆ ನಮ್ಮವರಿಗೆ ಹೆಚ್ಚು. ಫೋಕ್‌ಸ್ಟನ್‌ನಲ್ಲಿ ಕಾರನ್ನೇ ರೈಲಿಗೆ ಹತ್ತಿಸಿದರೆ 35 ನಿಮಿಷದಲ್ಲಿ ಫ್ರಾನ್ಸಿನ ಕ್ಯಾಲೆ. ಅಲ್ಲಿಂದ ಮುಂದೆ ರಸ್ತೆಯ ಬಲಬದಿಯಲ್ಲಿ ನಾಲ್ಕು ಗಂಟೆ. ಕೊನೆಗೆ ಸೇರುವುದು ಕಾರನ್ನು ಹೊರಗಿಡಲು ಪಣತೊಟ್ಟ ಊರನ್ನು. ಆಮ್‌ಸ್ಟರ್‌ಡ್ಯಾಮ್‌ನ ಹೆಚ್ಚಿನ ರಸ್ತೆಗಳಲ್ಲಿ 2023ರ ಡಿಸೆಂಬರ್‌ನಿಂದ ಗಂಟೆಗೆ 30 ಕಿ.ಮೀ. ಮಿತಿಯಿದೆ. ಊರ ನಡುವಿನ ಪಾರ್ಕಿಂಗ್ ದರವನ್ನು ಗಂಟೆಗಳ ಲೆಕ್ಕದಲ್ಲಿ ಕೊಟ್ಟರೆ ಹೋಟೆಲ್ ಕೋಣೆಯ ಬಾಡಿಗೆಯ ಮಾತು ನೆನಪಾಗುತ್ತದೆ.

ಇನ್ನು ರೈಲು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಯೂರೋಸ್ಟಾರ್ ಹತ್ತಿದರೆ ಸುಮಾರು ನಾಲ್ಕು ಗಂಟೆಗೆ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್. ನೇರ ರೈಲು 2018ರಲ್ಲಿ ಆರಂಭವಾಯಿತು. ದೊಡ್ಡ ಪೆಟ್ಟಿಗೆ ಎರಡು, ಕೈಚೀಲ ಒಂದು ಒಯ್ಯಬಹುದು, ತೂಕಕ್ಕೆ ಹಾಕುವವರಿಲ್ಲ. ಇಳಿದರೆ ಎದುರಿಗೇ ಕಾಲುವೆಗಳ ಊರು. ನಿಲ್ದಾಣದ ಹಿಂಬದಿಗೆ ಹೋದರೆ ಐ ಎಂಬ ಜಲಮಾರ್ಗದ ಆಚೆ ದಡಕ್ಕೆ ಕರೆದೊಯ್ಯುವ ದೋಣಿಗಳಿವೆ, ಅದಕ್ಕೆ ಟಿಕೆಟ್ಟೇ ಇಲ್ಲ. ಕೊರತೆಯೆಂದರೆ ದರ. ಮೊದಲೇ ಕಾಯ್ದಿರಿಸದಿದ್ದರೆ ನಾಲ್ಕು ಜನರ ಟಿಕೆಟ್ ಕೈ ಸುಡುತ್ತದೆ.

ನನ್ನ ಮನಸ್ಸು ಹಡಗಿನ ಕಡೆಗಿದೆ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಹ್ಯಾರಿಚ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯ ಹಾದಿ. ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಬಂದರು. ರಾತ್ರಿ 11ರ ಸುಮಾರಿಗೆ ಹೊರಡುವ ಹಡಗು ಬೆಳಿಗ್ಗೆ 8ಕ್ಕೆ ಹುಕ್ ಆಫ್ ಹಾಲೆಂಡ್ ಎಂಬ ಡಚ್ ಬಂದರು ಸೇರುತ್ತದೆ. ಈ ಎರಡು ಬಂದರುಗಳ ನಡುವೆ 1893ರಿಂದ ಹಡಗುಗಳು ಓಡಾಡುತ್ತಿವೆ. ಈಗಿನವು 240 ಮೀಟರ್ ಉದ್ದದವು. ರಾತ್ರಿ ಪ್ರಯಾಣಕ್ಕೆ ಕೋಣೆ ಕಾಯ್ದಿರಿಸಲೇಬೇಕು. ಆ ನಿಯಮವೇ ಹಿರಿಯರಿಗೆ ವರ. ಚಿಕ್ಕದಾದರೂ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಒಗೆದ ಹಾಸಿಗೆ, ಒಳಗೇ ಬಚ್ಚಲು. ರಾತ್ರಿ ನಾಲ್ಕು ಸಲ ಏಳಬೇಕಾದವರಿಗೆ ಇದರ ಬೆಲೆ ಗೊತ್ತು. ಕಾಲು ಊದುವವರು ಎದ್ದು ಮೊಗಸಾಲೆಯಲ್ಲಿ ಅಡ್ಡಾಡಬಹುದು. ಬೆಳಿಗ್ಗೆ ಮೇಲಿನ ಅಟ್ಟಕ್ಕೆ ಹೋದರೆ ಚಳಿಗಾಳಿಗೆ ಶಾಲು ಬಿಗಿಯಾಗಿ ಹೊದ್ದು ನಿಂತ ಅಮ್ಮನಿಗೆ ಮೊದಲು ಕಾಣುವುದು ಗಾಳಿಯಂತ್ರಗಳ ಸಾಲು. ಆಮೇಲೆ ರೊಟರ್‌ಡ್ಯಾಮ್ ಬಂದರಿನ ಎತ್ತರದ ಕ್ರೇನುಗಳು, ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಹೇರಿಕೊಂಡ ಸರಕು ಹಡಗುಗಳು. ದೇಶವೊಂದನ್ನು ಅದರ ದುಡಿಯುವ ಬಾಗಿಲಿನಿಂದ ಪ್ರವೇಶಿಸುವುದು ದೊಡ್ಡ ಭಾಗ್ಯ ಎಂದೇ ನಾನು ತಿಳಿದಿದ್ದೇನೆ.

ಗಡಿ ತಪಾಸಣೆಯಲ್ಲೂ ವ್ಯತ್ಯಾಸವಿದೆ. ರೈಲಿಗಾದರೆ ಲಂಡನ್ನಿನಲ್ಲೇ ಫ್ರೆಂಚ್ ಅಧಿಕಾರಿಗಳು ನೋಡುತ್ತಾರೆ. ಹಡಗಿನಲ್ಲಿ ಮಲಗಿ ಎದ್ದ ಮೇಲೆ, ಆಚೆ ದಡದಲ್ಲಿ ಡಚ್ ಅಧಿಕಾರಿಗಳು ನೋಡುತ್ತಾರೆ. ಬಂದರಿನಿಂದ ಹೊರಬಂದರೆ 2019ರಲ್ಲಿ ಆರಂಭವಾದ ಮೆಟ್ರೊ ಕಾದಿರುತ್ತದೆ. ಅದು ರೊಟರ್‌ಡ್ಯಾಮ್ ಕಡೆಗೆ ಒಯ್ಯುತ್ತದೆ, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಆದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ಹಡಗು ಎಣ್ಣೆ ಸುಡುತ್ತದೆ ಎಂಬ ಆಕ್ಷೇಪ ನಿಜ. ಪರಿಸರವನ್ನೇ ಮುಂದಿಟ್ಟು ನೋಡಿದರೆ ವಿದ್ಯುತ್ತಿನಲ್ಲಿ ಓಡುವ ರೈಲೇ ಉತ್ತಮ. ಉತ್ತರ ಸಮುದ್ರ ಚಳಿಗಾಲದಲ್ಲಿ ಮುನಿಯುತ್ತದೆ ಎಂಬುದೂ ನಿಜ. ನಾನು ಹೇಳುತ್ತಿರುವುದು ಏಪ್ರಿಲ್ ನಂತರದ ಮಾತು.

ಯಾವ ದಾರಿ ಹಿಡಿದರೂ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕು. ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಅನುಮತಿ ಇದ್ದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅದು ತಪ್ಪುವುದಿಲ್ಲ. ಸಂದರ್ಶಕರಾಗಿ ಬರುವ ಹಿರಿಯರು ಬೆಂಗಳೂರಿನಲ್ಲೇ ಅರ್ಜಿ ಹಾಕಿ ವೀಸಾ ಪಡೆದು ಬರುವುದು ಒಳ್ಳೆಯದು. ಷೆಂಗೆನ್ ಅರ್ಜಿಯನ್ನು ಸಾಮಾನ್ಯವಾಗಿ ತಾವು ವಾಸವಿರುವ ದೇಶದಲ್ಲೇ ಸಲ್ಲಿಸಬೇಕು. ಇಲ್ಲಿಗೆ ಬಂದಿಳಿದ ಮೇಲೆ ನೋಡೋಣ ಎಂದರೆ ಟ್ಯುಲಿಪ್ ಕಾಲವೇ ಮುಗಿದಿರುತ್ತದೆ.

ಬುತ್ತಿಯ ವಿಚಾರದಲ್ಲೂ ಎಚ್ಚರ ಬೇಕು. ಬ್ರಿಟನ್ನಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಮ್ಮ ಕಾಯಿಸಿದ ತುಪ್ಪ, ಆ ತುಪ್ಪದಲ್ಲೇ ಮಾಡಿದ ಮೈಸೂರು ಪಾಕ್ ಮನೆಯಲ್ಲೇ ಇರಲಿ. ಹಸಿ ಕರಿಬೇವಿನ ಕಟ್ಟಿಗೂ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣಿಗೆ ವಿನಾಯಿತಿ ಇದೆ. ಪುಳಿಯೋಗರೆ, ಚಟ್ನಿಪುಡಿ ಕಟ್ಟಿಕೊಳ್ಳಿ. ಮೊಸರನ್ನ ತಂದಿದ್ದರೆ ಆಚೆ ದಡ ಮುಟ್ಟುವ ಮೊದಲು ಹಡಗಿನಲ್ಲೇ ಉಂಡು ಮುಗಿಸಿ.

ಹೋಗುವುದು ಬರುವುದು ಎರಡೂ ಒಂದೇ ಬಗೆಯಲ್ಲಿ ಆಗಬೇಕೆಂದೇನೂ ಇಲ್ಲ. ನನ್ನನ್ನು ಕೇಳಿದವರಿಗೆ ನಾನು ಹೇಳುವುದು, ಹೋಗುವಾಗ ರಾತ್ರಿ ಹಡಗು, ಬರುವಾಗ ರೈಲು. ಹೋಗುವಾಗ ಉತ್ಸಾಹವಿರುತ್ತದೆ, ಅಟ್ಟದ ಮೇಲೆ ನಿಂತು ನೋಡುವ ಆಸೆಯಿರುತ್ತದೆ. ಬರುವಾಗ ಕಾಲು ಸೋತಿರುತ್ತದೆ, ಒಮ್ಮೆ ಮನೆ ಸೇರಿದರೆ ಸಾಕು ಅನ್ನಿಸಿರುತ್ತದೆ. 2025ರ ಫೆಬ್ರವರಿಯಿಂದ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ನಲ್ಲೇ ಬ್ರಿಟನ್ನಿಗೆ ಹೋಗುವವರ ತಪಾಸಣೆಗೆ ಹೊಸ ವ್ಯವಸ್ಥೆಯಾಗಿದೆ, ನಡುವೆ ಬ್ರಸೆಲ್ಸ್‌ನಲ್ಲಿ ಪೆಟ್ಟಿಗೆ ಇಳಿಸಿ ಹತ್ತಿಸುವ ಕಷ್ಟವಿಲ್ಲ. ಹೊರಡುವ ಒಂದೂವರೆ ಗಂಟೆ ಮೊದಲು ಅಲ್ಲಿರಿ, ಕಿಟಕಿ ಪಕ್ಕದ ಜಾಗವನ್ನು ಅವರಿಗೆ ಬಿಡಿ.